ಇಮೇಜ್ ಕೂತಿತು, ಡ್ರೈವರ್ ಕೂರಲಿಲ್ಲ: ವಿಂಡೋಸ್ ಡಿಪ್ಲಾಯ್‌ಮೆಂಟಿನಲ್ಲಿ ದೋಷ ಹುಡುಕುವ ಬಗೆ

ಹೊಸ ಕಂಪ್ಯೂಟರಿಗೆ ವಿಂಡೋಸಿನ ಸಿದ್ಧ ಪ್ರತಿ (ಇಮೇಜ್) ಇಳಿಸುವ ಹಂತಗಳ ಸರಣಿ, ಅಂದರೆ ಟಾಸ್ಕ್ ಸೀಕ್ವೆನ್ಸ್, ಒಂದೂ ಎರರ್ ತೋರಿಸದೆ ಮುಗಿದಿದೆ. ಲಾಗಿನ್ ಆಗಿ ಡಿವೈಸ್ ಮ್ಯಾನೇಜರ್ ತೆರೆದರೆ ನಾಲ್ಕು ಕಡೆ ಹಳದಿ ಗುರುತು. ವೈಫೈ ಐಕಾನೇ ಇಲ್ಲ. ಟಚ್‌ಪ್ಯಾಡಿನ ಮೇಲೆ ಎರಡು ಬೆರಳಿಟ್ಟು ಎಳೆದರೆ ಪುಟ ಸರಿಯುವುದಿಲ್ಲ. ಹೀಗಾದಾಗ ಹೆಚ್ಚಿನವರು ಮೊದಲು ಮಾಡುವುದು ತಯಾರಕರ ಸೈಟಿನಿಂದ ಇನ್ನೊಂದು ಡ್ರೈವರ್ ಪ್ಯಾಕ್ ಇಳಿಸಿ ಶೇರಿಗೆ (ಡ್ರೈವರುಗಳನ್ನು ಇಟ್ಟ ನೆಟ್‌ವರ್ಕ್ ಫೋಲ್ಡರಿಗೆ) ತುಂಬುವುದನ್ನು. ಶೇರ್ ಇನ್ನೂ ದಪ್ಪಗಾಗುತ್ತದೆ, ದೋಷ ಇದ್ದಲ್ಲೇ ಇರುತ್ತದೆ.

ಡ್ರೈವರ್ ಒಂದು ಸಾಧನವನ್ನು ಮುಟ್ಟುವ ಮೊದಲು ನಾಲ್ಕು ಬಾಗಿಲು ದಾಟಬೇಕು. ಶೇರಿನಿಂದ ಹೊಸ ಕಂಪ್ಯೂಟರಿನ ಡಿಸ್ಕಿಗೆ ಬರಬೇಕು. ಡಿಸ್ಕಿನಿಂದ ಡ್ರೈವರ್ ಸ್ಟೋರಿನೊಳಗೆ, ಅಂದರೆ ವಿಂಡೋಸ್ ಡ್ರೈವರುಗಳನ್ನು ಇಟ್ಟುಕೊಳ್ಳುವ ಜಾಗಕ್ಕೆ, ಸೇರಬೇಕು. ಸ್ಟೋರಿನಲ್ಲಿದ್ದದ್ದು ಸಾಧನದ ಐಡಿಗೆ ಹೊಂದಬೇಕು. ಹೊಂದಿದ ಮೇಲೆ ಸ್ಟಾರ್ಟ್ ಆಗಬೇಕು. ಯಾವ ಬಾಗಿಲಲ್ಲಿ ನಿಂತಿದೆ ಎಂದು ಗೊತ್ತಾಗುವವರೆಗೆ ಏನನ್ನೂ ಸೇರಿಸಬೇಡಿ, ಏನನ್ನೂ ಅಳಿಸಬೇಡಿ. ಇಲ್ಲಿನ ಉದಾಹರಣೆಗಳು ಎಂಡಿಟಿ ಮತ್ತು ಕಾನ್ಫಿಗರೇಶನ್ ಮ್ಯಾನೇಜರ್ ಎಂಬ ಮೈಕ್ರೋಸಾಫ್ಟಿನ ಡಿಪ್ಲಾಯ್‌ಮೆಂಟ್ ಉಪಕರಣಗಳಿಗೆ ಸಂಬಂಧಿಸಿದವು. ಎಂಡಿಟಿಯ ಕೊನೆಯ ಬಿಲ್ಡ್ 8456 ಬಂದದ್ದು 2019ರಲ್ಲಿ, ವಿಂಡೋಸ್ 11 ಅದರ ಅಧಿಕೃತ ಬೆಂಬಲದ ಪಟ್ಟಿಗೆ ಸೇರಲೇ ಇಲ್ಲ. ಆದರೂ ಅದನ್ನು ಓಡಿಸುತ್ತಿರುವವರು ಬಹಳ ಮಂದಿ. ಬೇರೆ ಯಾವ ಉಪಕರಣ ಬಳಸಿದರೂ ಒಳಗೆ ಕೆಲಸ ಮಾಡುವುದು ಇಮೇಜಿಗೆ ಡ್ರೈವರ್ ಸೇರಿಸುವ ಅದೇ ಡಿಸ್ಮ್, ಸಾಧನಕ್ಕೆ ಡ್ರೈವರ್ ಹೊಂದಿಸುವ ಅದೇ ಪ್ಲಗ್ ಅಂಡ್ ಪ್ಲೇ. ಹಾಗಾಗಿ ಹುಡುಕುವ ದಾರಿಯೂ ಅದೇ.

ವಿನ್‌ಪಿಇಯಲ್ಲೇ ನಿಂತರೆ

ವಿನ್‌ಪಿಇ ಎಂದರೆ ವಿಂಡೋಸ್ ಹಾಕಲು ಮೊದಲು ಏರುವ ಪುಟ್ಟ ವಿಂಡೋಸ್, ಅದನ್ನು ಹೊತ್ತ ಫೈಲೇ ಬೂಟ್ ಇಮೇಜ್. ಬೂಟ್ ಇಮೇಜಿನ ಡ್ರೈವರುಗಳೇ ಬೇರೆ, ಹಾಕುತ್ತಿರುವ ವಿಂಡೋಸಿನ ಡ್ರೈವರುಗಳೇ ಬೇರೆ. ಬೂಟ್ ಇಮೇಜಿಗೆ ಬೇಕಾದದ್ದು ಎರಡೇ ಬಗೆ: ನೆಟ್‌ವರ್ಕ್ ಮತ್ತು ಸ್ಟೋರೇಜ್. ಗ್ರಾಫಿಕ್ಸ್, ಆಡಿಯೊ, ಬ್ಲೂಟೂತ್ ಡ್ರೈವರುಗಳನ್ನು ಅದರಲ್ಲಿ ತುಂಬಿದರೆ ಪಿಎಕ್ಸ್ಇ (ನೆಟ್‌ವರ್ಕ್ ಮೂಲಕ ಆಗುವ) ಬೂಟ್ ನಿಧಾನವಾಗುವುದು ಬಿಟ್ಟು ಬೇರೆ ಲಾಭವಿಲ್ಲ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಿ. ಬೂಟ್ ಇಮೇಜಿನ ಡ್ರೈವರ್ ಹೊಂದಬೇಕಾದದ್ದು ವಿನ್‌ಪಿಇ ಆವೃತ್ತಿಗೆ. ನೀವು ವಿಂಡೋಸ್ 10 ಹಾಕುತ್ತಿದ್ದರೂ ವಿನ್‌ಪಿಇ ವಿಂಡೋಸ್ 11ರ ಎಡಿಕೆ ಎಂಬ ಉಪಕರಣಗಳ ಕಟ್ಟಿನದಾದರೆ ಬೂಟ್ ಇಮೇಜಿಗೆ ವಿಂಡೋಸ್ 11ರ ನೆಟ್‌ವರ್ಕ್ ಡ್ರೈವರ್ ಕೊಡಿ.

ಎಫ್8 ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಕಾನ್ಫಿಗರೇಶನ್ ಮ್ಯಾನೇಜರ್‌ನಲ್ಲಿ ಎಫ್8 ಕೆಲಸ ಮಾಡಬೇಕಾದರೆ ಬೂಟ್ ಇಮೇಜಿನ ಗುಣಲಕ್ಷಣಗಳಲ್ಲಿ ಕಮಾಂಡ್ ಸಪೋರ್ಟ್ ಮೊದಲೇ ಆನ್ ಇರಬೇಕು. ಐಪಿಕಾನ್ಫಿಗ್ ಕೊಟ್ಟಾಗ ಒಂದು ಅಡಾಪ್ಟರೂ ಕಾಣದಿದ್ದರೆ ಡ್ರೈವರ್ ಇಲ್ಲ. ಅಡಾಪ್ಟರ್ ಕಂಡು 169.254ರಿಂದ ಶುರುವಾಗುವ ವಿಳಾಸ ಬಂದರೆ ಡ್ರೈವರ್ ಸರಿಯಿದೆ, ಡಿಎಚ್‌ಸಿಪಿ ಅಥವಾ ಸ್ವಿಚ್ ಪೋರ್ಟ್ ಕಡೆ ನೋಡಿ. ಸ್ಟೋರೇಜಿಗೆ ಡಿಸ್ಕ್‌ಪಾರ್ಟ್ ಒಳಗೆ ಹೋಗಿ 'ಲಿಸ್ಟ್ ಡಿಸ್ಕ್' ಕೊಡಿ.

ಸಂಶಯದ ಡ್ರೈವರನ್ನು ಬೂಟ್ ಇಮೇಜಿಗೆ ಸೇರಿಸಿ, ಮತ್ತೆ ಕಟ್ಟಿ, ಮತ್ತೆ ಬೂಟ್ ಮಾಡಿ ಪರೀಕ್ಷಿಸಿದರೆ ಒಂದು ಸುತ್ತಿಗೆ ಅರ್ಧ ಗಂಟೆ ಹೋಗುತ್ತದೆ. ಅದರ ಬದಲು ಬಿಡಿಸಿಟ್ಟ ಡ್ರೈವರನ್ನು ಪೆನ್‌ಡ್ರೈವ್‌ನಲ್ಲಿ ತಂದು, ಅದೇ ಕಪ್ಪು ಕಿಟಕಿಯಲ್ಲಿ ಡಿಆರ್‌ವಿಲೋಡ್ ಎಂದು ಬರೆದು, ಡ್ರೈವರ್ ಯಾವ ಸಾಧನಕ್ಕೆ ಹೇಗೆ ಕೂರಬೇಕೆಂದು ಹೇಳುವ ಐಎನ್‌ಎಫ್ ಫೈಲಿನ ಪೂರ್ತಿ ಹಾದಿ ಕೊಡಿ. ಲೋಡ್ ಆಗಿ ಡಿಸ್ಕ್ ಅಥವಾ ಅಡಾಪ್ಟರ್ ಕಾಣಿಸಿಕೊಂಡರೆ ಅದೇ ಸರಿಯಾದ ಡ್ರೈವರ್. ಎರಡು ನಿಮಿಷದ ಕೆಲಸ.

ಡ್ರೈವರ್ ಸೇರಿಸಿಯೂ ಫಲ ಕಾಣದಿದ್ದರೆ ಬಹುಪಾಲು ಸಲ ಹಳೆಯ ಬೂಟ್ ಇಮೇಜೇ ಓಡುತ್ತಿರುತ್ತದೆ. ಎಂಡಿಟಿಯಲ್ಲಿ ಡಿಪ್ಲಾಯ್‌ಮೆಂಟ್ ಶೇರ್ ಅಪ್‌ಡೇಟ್ ಮಾಡಿದರೆ ಸಾಲದು, ಅದು ಕಟ್ಟಿದ ಹೊಸ ವಿಮ್ (ಇಮೇಜ್) ಫೈಲನ್ನು, ನೆಟ್‌ವರ್ಕಿನಿಂದ ಬೂಟ್ ಮಾಡಿಸುವ ಡಬ್ಲ್ಯೂಡಿಎಸ್‌ನಲ್ಲಿ ಬದಲಿಸಬೇಕು. ಡ್ರಾಯರಿನಲ್ಲಿರುವ ಯುಎಸ್‌ಬಿಗಳನ್ನೂ ಹೊಸದಾಗಿ ಬರೆಯಬೇಕು. ಖಾತ್ರಿ ಮಾಡಿಕೊಳ್ಳಲು ವಿನ್‌ಪಿಇಯಲ್ಲಿ ಎಕ್ಸ್:\ವಿಂಡೋಸ್\ಐಎನ್‌ಎಫ್ ಫೋಲ್ಡರಿಗೆ ಹೋಗಿ ಒಇಎಂ ಎಂದು ಶುರುವಾಗುವ ಐಎನ್‌ಎಫ್‌ಗಳನ್ನು ಎಣಿಸಿ. ನೀವು ಸೇರಿಸಿದಷ್ಟು ಅಲ್ಲಿಲ್ಲವೆಂದರೆ ನೀವು ನೋಡುತ್ತಿರುವುದು ಹಳೆಯ ಇಮೇಜ್.

ಡಿಸ್ಕೇ ಕಾಣದ ಲ್ಯಾಪ್‌ಟಾಪ್

ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಎನ್‌ವಿಎಂಇ ಡಿಸ್ಕ್ ನೇರವಾಗಿ ಕಾಣುವುದಿಲ್ಲ, ವಿಎಂಡಿ ಎಂಬ ಕಂಟ್ರೋಲರಿನ ಹಿಂದೆ ಅಡಗಿರುತ್ತದೆ. ಬಯೋಸಿನಲ್ಲಿ ಡಿಸ್ಕ್ ಇದೆ, 'ಲಿಸ್ಟ್ ಡಿಸ್ಕ್' ಮಾತ್ರ ಒಂದೂ ಡಿಸ್ಕ್ ಇಲ್ಲ ಎನ್ನುತ್ತದೆ. ಈ ಕಂಟ್ರೋಲರಿನ ಡಿವೈಸ್ ಐಡಿ ಟೈಗರ್ ಲೇಕ್‌ನಲ್ಲಿ 9ಎ0ಬಿ, ಆಲ್ಡರ್ ಲೇಕ್‌ನಲ್ಲಿ 467ಎಫ್, ರಾಪ್ಟರ್ ಲೇಕ್‌ನಲ್ಲಿ ಎ77ಎಫ್. ತಲೆಮಾರು ಬದಲಾದಂತೆ ಐಡಿಯೂ ಬದಲಾಗಿದೆ. ಹಾಗಾಗಿ ಹಳೆಯ ಆರ್‌ಎಸ್‌ಟಿ (ಇಂಟೆಲ್‌ನ ಸ್ಟೋರೇಜ್) ಡ್ರೈವರ್ ಹೊಸ ಲ್ಯಾಪ್‌ಟಾಪಿಗೆ ಆಗದೇ ಹೋಗಬಹುದು. ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಆ ನಾಲ್ಕು ಅಕ್ಷರ ಇವೆಯೇ ಎಂದು ಹುಡುಕಿ.

ಡ್ರೈವರ್ ಬರುವುದು ಸೆಟಪ್‌ಆರ್‌ಎಸ್‌ಟಿ ಎಂಬ ಇಎಕ್ಸ್‌ಇ ರೂಪದಲ್ಲಿ. ಅದನ್ನು ಹಾಗೇ ಶೇರಿಗೆ ಹಾಕಿದರೆ ಡಿಸ್ಮ್‌ಗೆ ಕಾಣುವುದಿಲ್ಲ, ಅದಕ್ಕೆ ಬೇಕಾದದ್ದು ಐಎನ್‌ಎಫ್. ಕಮಾಂಡ್ ಸಾಲಿನಲ್ಲಿ 'ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್' ಸ್ವಿಚ್ ಮತ್ತು ಒಂದು ಫೋಲ್ಡರ್ ಹೆಸರು ಕೊಟ್ಟರೆ ಬಿಡಿಸಿಕೊಡುತ್ತದೆ. ಬೇಕಾದದ್ದು ಐಎಎಸ್‌ಟಿಒಆರ್‌ವಿಡಿ ಎಂಬ ಐಎನ್‌ಎಫ್ ಮತ್ತು ಅದರ ಜೊತೆಗಿನ ಫೈಲುಗಳು.

ಈಗ ಎಡವುವ ಜಾಗ. ಬೂಟ್ ಇಮೇಜಿಗೆ ಈ ಡ್ರೈವರ್ ಹಾಕಿದಿರಿ, ಡಿಸ್ಕ್ ಕಂಡಿತು, ಇಮೇಜ್ ಇಳಿಯಿತು. ಮೊದಲ ರೀಬೂಟಿಗೆ ನೀಲಿ ಪರದೆ, ಸ್ಟಾಪ್ ಕೋಡ್ 7ಬಿ, ಬೂಟ್ ಡಿವೈಸ್ ಸಿಗುತ್ತಿಲ್ಲ. ಕಾರಣ ಇಷ್ಟೆ: ವಿನ್‌ಪಿಇಗೆ ಡ್ರೈವರ್ ಸಿಕ್ಕಿತು, ಡಿಸ್ಕಿಗಿಳಿದ ವಿಂಡೋಸಿಗೆ ಸಿಗಲಿಲ್ಲ. ಸ್ಟೋರೇಜ್ ಡ್ರೈವರ್ ಎರಡೂ ಕಡೆ ಬೇಕು. ವಿಂಡೋಸ್ ಕಡೆ ಅದು ಮೊದಲ ರೀಬೂಟಿಗೆ ಮುಂಚೆಯೇ, ಇಮೇಜ್ ಆಫ್‌ಲೈನ್ ಇರುವಾಗಲೇ ಸೇರಬೇಕು. ಬಯೋಸಿನಲ್ಲಿ ವಿಎಂಡಿ ಆಫ್ ಮಾಡಿ ಇಮೇಜ್ ಹಾಕುವುದೂ ಒಂದು ದಾರಿಯೇ. ಆದರೆ ಹಾಕಿದ ಮೇಲೆ ಯಾರಾದರೂ ಬಯೋಸ್ ಡಿಫಾಲ್ಟಿಗೆ ತಂದರೆ ಅದೇ 7ಬಿ ಮರಳಿ ಬರುತ್ತದೆ. ನೂರಾರು ಲ್ಯಾಪ್‌ಟಾಪುಗಳಿರುವಲ್ಲಿ ಡ್ರೈವರ್ ಸೇರಿಸುವುದೇ ವಾಸಿ.

ಮೊದಲ ಬಾಗಿಲು: ಮಾಡೆಲ್ ಹೆಸರು

ವಿಂಡೋಸ್ ಏರಿದೆ, ಡ್ರೈವರುಗಳಿಲ್ಲ ಎಂದಾದರೆ ಎಂಡಿಟಿಯಲ್ಲಿ ಮೊದಲು ನೋಡಬೇಕಾದದ್ದು ಸಿ:\ಡ್ರೈವರ್ಸ್ ಫೋಲ್ಡರ್. ಇಂಜೆಕ್ಟ್ ಡ್ರೈವರ್ಸ್ ಹಂತ ತಾನು ಆರಿಸಿದ್ದನ್ನು ಅಲ್ಲಿಗೆ ನಕಲಿಸುತ್ತದೆ. ಅದು ಖಾಲಿಯಿದ್ದರೆ ಡ್ರೈವರ್ ಶೇರ್ ಬಿಟ್ಟು ಹೊರಟೇ ಇಲ್ಲ, ಮುಂದಿನ ಲಾಗುಗಳನ್ನು ಓದುವ ಅಗತ್ಯವೂ ಇಲ್ಲ.

ಖಾಲಿಯಿರಲು ಸಾಮಾನ್ಯ ಕಾರಣ ಹೆಸರು. ಡ್ರೈವರ್‌ಗ್ರೂಪ್001 ವೇರಿಯಬಲ್ಲಿನಲ್ಲಿ ತಯಾರಕ ಮತ್ತು ಮಾಡೆಲ್ ಹೆಸರಿನ ಹಾದಿ ಕೊಟ್ಟಿರುತ್ತೀರಿ. ಕಂಪ್ಯೂಟರ್ ತನ್ನ ಮಾಡೆಲ್ ಏನೆಂದು ಹೇಳುತ್ತದೋ ಫೋಲ್ಡರ್ ಹೆಸರು ಅಕ್ಷರಕ್ಕೆ ಅಕ್ಷರ ಅದೇ ಆಗಿರಬೇಕು. ಹೊಂದದಿದ್ದರೆ ಎಂಡಿಟಿ ಎರರ್ ಕೊಡುವುದಿಲ್ಲ. ಏನೂ ಸಿಗಲಿಲ್ಲ ಎಂದು ಸುಮ್ಮನೆ ಮುಂದೆ ಹೋಗುತ್ತದೆ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬೇಡಿ. ಪವರ್‌ಶೆಲ್‌ನಲ್ಲಿ ಗೆಟ್-ಸಿಮ್‌ಇನ್‌ಸ್ಟನ್ಸ್ ಬಳಸಿ ವಿನ್32_ಕಂಪ್ಯೂಟರ್‌ಸಿಸ್ಟಮ್ ಕ್ಲಾಸಿನ ಮಾಡೆಲ್ ಕೇಳಿ, ಬಂದದ್ದನ್ನು ನಕಲಿಸಿ ಫೋಲ್ಡರಿಗೆ ಅಂಟಿಸಿ. ಡಬ್ಲ್ಯೂಎಂಐಸಿ ಕಮಾಂಡ್ ವಿಂಡೋಸ್ 11ರ 24ಎಚ್2ರಿಂದ ತಾನಾಗಿ ಬರುವುದಿಲ್ಲ, ಹಳೆಯ ಟಿಪ್ಪಣಿಗಳಲ್ಲಿ ಅದಿದ್ದರೆ ತಿದ್ದಿಕೊಳ್ಳಿ.

ಲೆನೊವೊ ಲ್ಯಾಪ್‌ಟಾಪುಗಳು ಇಲ್ಲಿ ತಲೆ ತಿನ್ನುತ್ತವೆ. ಎಕ್ಸ್1 ಕಾರ್ಬನ್ 9ನೇ ತಲೆಮಾರಿನದನ್ನು ಮಾಡೆಲ್ ಏನು ಎಂದು ಕೇಳಿದರೆ '20ಎಕ್ಸ್‌ಡಬ್ಲ್ಯೂ' ಎಂದು ಶುರುವಾಗುವ ಮಷೀನ್ ಟೈಪ್ ಕೊಡುತ್ತದೆ. ನಾವು ಗುರುತಿಸುವ ಹೆಸರು ಇರುವುದು ವಿನ್32_ಕಂಪ್ಯೂಟರ್‌ಸಿಸ್ಟಮ್‌ಪ್ರಾಡಕ್ಟ್ ಕ್ಲಾಸಿನ ವರ್ಷನ್ ಎಂಬ ಜಾಗದಲ್ಲಿ. ಒಂದೇ ಲ್ಯಾಪ್‌ಟಾಪಿಗೆ ಹಲವು ಮಷೀನ್ ಟೈಪ್ ಇರುವುದರಿಂದ, ಹೋಲಿಸುವಾಗ ಮೊದಲ ನಾಲ್ಕು ಅಕ್ಷರ ಮಾತ್ರ ತೆಗೆದುಕೊಳ್ಳುವುದು ಇಲ್ಲವೇ ವರ್ಷನ್ ಜಾಗ ಬಳಸುವುದು ಒಳ್ಳೆಯದು.

ಕಾನ್ಫಿಗರೇಶನ್ ಮ್ಯಾನೇಜರ್‌ನಲ್ಲಿ ಇದೇ ತೊಂದರೆ ಡಬ್ಲ್ಯೂಎಂಐ ಷರತ್ತಿನಲ್ಲಿ (ಕಂಪ್ಯೂಟರಿನ ವಿವರ ಕೇಳಿ ಹಂತ ಓಡಿಸಬೇಕೇ ಎಂದು ತೀರ್ಮಾನಿಸುವ ಸಾಲಿನಲ್ಲಿ) ತಿರುಗುಮುರುಗಾಗಿ ಬರುತ್ತದೆ, ಹೊಂದಬಾರದ್ದು ಹೊಂದುತ್ತದೆ. 'ಲ್ಯಾಟಿಟ್ಯೂಡ್ 5420%' ಎಂದು ಬರೆದರೆ ಲ್ಯಾಟಿಟ್ಯೂಡ್ 5420 ರಗ್ಗಡ್ ಕೂಡ ಸಿಕ್ಕಿಬೀಳುತ್ತದೆ, ಅದರ ಒಳಗಿನ ಯಂತ್ರಾಂಶವೇ ಬೇರೆ. '840 ಜಿ1%' ಎಂದರೆ ಎಚ್‌ಪಿಯ ಜಿ10, ಜಿ11 ಎರಡೂ ಒಳಗೆ ಬಂದವು. ಮುಂದೆ ಏನಿದ್ದರೂ ಸರಿ ಎನ್ನುವ ಶೇಕಡಾ ಚಿಹ್ನೆಯನ್ನು ಸೋಮಾರಿತನಕ್ಕೆ ಬಳಸಬೇಡಿ. ಹಂತ ಓಡಿತೋ ಇಲ್ಲವೋ ಎಂಬುದು ಎಸ್‌ಎಂಎಸ್‌ಟಿಎಸ್ ಲಾಗಿನಲ್ಲಿ ಸಿಗುತ್ತದೆ. ಆ ಲಾಗ್ ಜಾಗ ಬದಲಿಸುತ್ತಾ ಹೋಗುತ್ತದೆ: ಡಿಸ್ಕ್ ಫಾರ್ಮ್ಯಾಟ್ ಆಗುವ ಮುನ್ನ ಎಕ್ಸ್:\ವಿಂಡೋಸ್\ಟೆಂಪ್\ಎಸ್‌ಎಂಎಸ್‌ಟಿಎಸ್‌ಲಾಗ್, ಆಮೇಲೆ ಸಿ:\_ಎಸ್‌ಎಂಎಸ್‌ಟಾಸ್ಕ್‌ಸೀಕ್ವೆನ್ಸ್‌ನ ಒಳಗೆ, ಕ್ಲೈಂಟ್ ಕೂತ ಮೇಲೆ ಸಿ:\ವಿಂಡೋಸ್\ಸಿಸಿಎಂ\ಲಾಗ್ಸ್. ಷರತ್ತು ಸುಳ್ಳಾಗಿ ಹಂತ ಬಿಟ್ಟುಹೋಗಿದ್ದರೆ ಅದೂ ಅಲ್ಲಿ ಬರೆದಿರುತ್ತದೆ.

'ಹೊಂದುವ ಡ್ರೈವರ್ ಮಾತ್ರ' ಎಂಬ ಆಯ್ಕೆ

ಎಂಡಿಟಿಯ ಇಂಜೆಕ್ಟ್ ಡ್ರೈವರ್ಸ್ ಹಂತದಲ್ಲಿ ಎರಡು ಆಯ್ಕೆಗಳಿವೆ: ಹೊಂದುವುದನ್ನಷ್ಟೇ ಹಾಕು, ಇಲ್ಲವೇ ಆರಿಸಿದ್ದನ್ನೆಲ್ಲ ಹಾಕು. ಮೊದಲನೆಯದು ಕೇಳಲು ಚೆಂದ. ಆದರೆ ಅದು ಹೊಂದಿಸುವುದು ವಿನ್‌ಪಿಇಯಲ್ಲಿ ಆ ಗಳಿಗೆಗೆ ಕಾಣುವ ಸಾಧನಗಳಿಗೆ. ಐ2ಸಿ ಕಂಟ್ರೋಲರಿಗೆ ವಿನ್‌ಪಿಇಯಲ್ಲಿ ಡ್ರೈವರ್ ಇಲ್ಲ ಎಂದರೆ ಅದರ ಹಿಂದಿರುವ ಟಚ್‌ಪ್ಯಾಡ್ ಕಾಣುವುದಿಲ್ಲ. ಕಾಣದ್ದಕ್ಕೆ ಡ್ರೈವರ್ ನಕಲಾಗುವುದೂ ಇಲ್ಲ. ಈಗಿನ ಡಿಸಿಎಚ್ ಬಗೆಯ (ಬಿಡಿ ಭಾಗಗಳಾಗಿ ಬರುವ) ಡ್ರೈವರುಗಳಲ್ಲಿ ಇದು ಇನ್ನೂ ಹದಗೆಡುತ್ತದೆ. ಆಡಿಯೊದ ಮೂಲ ಡ್ರೈವರ್ ಕೂತ ಮೇಲಷ್ಟೇ ಅದರ ಸಾಫ್ಟ್‌ವೇರ್ ಕಾಂಪೊನೆಂಟ್ ಎಂಬ ಮರಿ ಸಾಧನ ಹುಟ್ಟುತ್ತದೆ. ವಿನ್‌ಪಿಇ ಹೊತ್ತಿಗೆ ಅದು ಹುಟ್ಟೇ ಇರುವುದಿಲ್ಲ. ಕಾನ್ಫಿಗರೇಶನ್ ಮ್ಯಾನೇಜರ್‌ನ ಆಟೊ ಅಪ್ಲೈ ಡ್ರೈವರ್ಸ್ ಹಂತಕ್ಕೂ ಇದೇ ಮಿತಿ.

ಹಾಗಾಗಿ ಮಾಡೆಲ್ ಪ್ರಕಾರ ಫೋಲ್ಡರ್ ಮಾಡಿ, ಯಾವ ಡ್ರೈವರುಗಳು ಲೆಕ್ಕಕ್ಕೆ ಎಂದು ಹೇಳುವ ಸೆಲೆಕ್ಷನ್ ಪ್ರೊಫೈಲನ್ನು 'ನಥಿಂಗ್'ಗೆ ಇಟ್ಟು, 'ಎಲ್ಲ ಹಾಕು' ಆರಿಸಿ. ಆಗ ಡ್ರೈವರ್‌ಗ್ರೂಪ್001 ತೋರಿಸಿದ ಫೋಲ್ಡರ್ ಮಾತ್ರ ಬರುತ್ತದೆ. ಪ್ರೊಫೈಲನ್ನು 'ಆಲ್ ಡ್ರೈವರ್ಸ್' ಎಂದೇ ಬಿಟ್ಟರೆ ಮಾಡೆಲ್ ಫೋಲ್ಡರಿಗೆ ಬೆಲೆಯೇ ಉಳಿಯುವುದಿಲ್ಲ, ಇಡೀ ಶೇರ್ ಲೆಕ್ಕಕ್ಕೆ ಬರುತ್ತದೆ.

ಎರಡನೆಯ ಬಾಗಿಲು: ಸ್ಟೋರ್ ಒಳಗೆ ಬಿಡದಿದ್ದರೆ

ಫೈಲುಗಳು ಡಿಸ್ಕಿಗೆ ಬಂದಿವೆ, ಸ್ಟೋರಿಗೆ ಸೇರಿವೆಯೇ? ಏರಿರುವ ವಿಂಡೋಸಿನಲ್ಲಿ ಪಿಎನ್‌ಪಿಯುಟಿಲ್ /ಎನಮ್-ಡ್ರೈವರ್ಸ್ ಕೊಡಿ. ಆಫ್‌ಲೈನ್ ಇಮೇಜಿನಲ್ಲಾದರೆ ಡಿಸ್ಮ್‌ಗೆ ಇಮೇಜ್ ಹಾದಿ ತೋರಿಸಿ /ಗೆಟ್-ಡ್ರೈವರ್ಸ್. ಪ್ರತಿ ಸಾಲಿನಲ್ಲಿ ಒಇಎಂ12.ಐಎನ್‌ಎಫ್‌ನಂಥ ಹೊಸ ಹೆಸರು, ಪಕ್ಕದಲ್ಲಿ ಮೂಲ ಹೆಸರು ಇರುತ್ತದೆ. ನೋಡಬೇಕಾದದ್ದು ಮೂಲ ಹೆಸರನ್ನು.

ಇಲ್ಲವೆಂದಾದರೆ ಸಿ:\ವಿಂಡೋಸ್\ಐಎನ್‌ಎಫ್ ಒಳಗಿನ ಸೆಟಪ್‌ಎಪಿಐ.ಆಫ್‌ಲೈನ್.ಲಾಗ್ ತೆರೆಯಿರಿ. ಇಮೇಜ್ ಆಫ್‌ಲೈನ್ ಇದ್ದಾಗ ನಡೆದದ್ದೆಲ್ಲ ಇದರಲ್ಲಿ, ವಿಂಡೋಸ್ ಏರಿದ ಮೇಲೆ ನಡೆದದ್ದು ಸೆಟಪ್‌ಎಪಿಐ.ಡೆವ್.ಲಾಗಿನಲ್ಲಿ. ಎರಡನ್ನೂ ಮೊದಲಿಂದ ಓದಲು ಕೂರಬೇಡಿ. ಮೂರು ಆಶ್ಚರ್ಯಚಿಹ್ನೆ, '!!!', ಎಂದು ಹುಡುಕಿ. ಅದು ಎರರ್ ಸಾಲು. ಒಂದೇ ಚಿಹ್ನೆಯಿದ್ದರೆ ಎಚ್ಚರಿಕೆ ಮಾತ್ರ. ಎರರ್ ಸಿಕ್ಕ ಜಾಗದಿಂದ ಮೇಲಕ್ಕೆ ಹೋದರೆ '>>>' ಎಂಬ ಗುರುತು ಸಿಗುತ್ತದೆ, ಅಲ್ಲಿ ಆ ಕೆಲಸ ಶುರುವಾಗಿದೆ. ಯಾವ ಐಎನ್‌ಎಫ್ ಎಂಬುದು ಆ ಸಾಲಿನಲ್ಲಿದೆ.

ಕೊನೆಯಲ್ಲಿ 22ಎಫ್ ಇರುವ ಇ000022ಎಫ್ ಕೋಡ್ ಬಂದರೆ ಐಎನ್‌ಎಫ್‌ಗೆ ಸಹಿಯ ಕ್ಯಾಟಲಾಗ್ ಸಿಕ್ಕಿಲ್ಲ. ಯಾರೋ ಜಾಗ ಉಳಿಸಲು ಆ ಕ್ಯಾಟಲಾಗಿನ ಕ್ಯಾಟ್ ಫೈಲ್ ಅಳಿಸಿರಬಹುದು. ಐಎನ್‌ಎಫ್‌ನಲ್ಲಿ ಒಂದು ಸಾಲು ತಿದ್ದುವುದೂ ತೊಂದರೆಯೇ. ತಿದ್ದಿದ ಕ್ಷಣ ಸಹಿ ಮುರಿಯುತ್ತದೆ. ಡಿಸ್ಮ್‌ಗೆ ಫೋರ್ಸ್‌ಅನ್‌ಸೈನ್ಡ್ ಸ್ವಿಚ್ ಕೊಟ್ಟು ಸಹಿಯಿಲ್ಲದ್ದನ್ನು ಒಳಗೆ ತಳ್ಳಬಹುದು, ಆದರೆ 64-ಬಿಟ್ ವಿಂಡೋಸ್ ಅದನ್ನು ಲೋಡ್ ಮಾಡುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 52 ಬರುತ್ತದೆ. ಅದು ಬೂಟಿಗೇ ಬೇಕಾದ ಡ್ರೈವರಾಗಿದ್ದರೆ ಕಂಪ್ಯೂಟರ್ ಏಳುವುದೂ ಇಲ್ಲ.

ಲಾಗಿನಲ್ಲಿ ಸಹಿಯ ಮಾತೇ ಇಲ್ಲದೆ ಫೈಲ್ ಸಿಗಲಿಲ್ಲ ಎಂದಿದ್ದರೆ ಹಾದಿಯ ಉದ್ದ ನೋಡಿ. ತಯಾರಕರ ಪ್ಯಾಕುಗಳಲ್ಲಿ ಫೋಲ್ಡರೊಳಗೆ ಫೋಲ್ಡರ್ ಏಳೆಂಟು ಹಂತ ಇರುತ್ತವೆ. ಅದಕ್ಕೆ ನಿಮ್ಮ ಶೇರಿನ ಉದ್ದ ಹೆಸರೂ ಸೇರಿ 260 ಅಕ್ಷರದ ಗಡಿ ದಾಟುತ್ತದೆ. ಡಿ:\ಡಿಆರ್‌ವಿ ಅಂಥ ಗಿಡ್ಡ ಹೆಸರಿನ ಕೆಳಗೆ ಬಿಡಿಸಿ. ಇಮೇಜಿಗಿಂತ ಹಳೆಯ ಡಿಸ್ಮ್ ಬಳಸಿದರೂ ವಿಚಿತ್ರ ಎರರ್‌ಗಳು ಬರುತ್ತವೆ. ಡಿಸ್ಮ್ ಯಾವಾಗಲೂ ಇಮೇಜಿನ ಆವೃತ್ತಿಯದು ಅಥವಾ ಅದಕ್ಕಿಂತ ಹೊಸದು ಇರಲಿ.

ಮೂರನೆಯ ಬಾಗಿಲು: ಸ್ಟೋರಿನಲ್ಲಿದೆ, ಆದರೂ ಕೋಡ್ 28

ಕೋಡ್ 28 ಎಂದರೆ ಈ ಸಾಧನಕ್ಕೆ ಡ್ರೈವರ್ ಇಲ್ಲ. ಪಿಎನ್‌ಪಿಯುಟಿಲ್ /ಎನಮ್-ಡಿವೈಸಸ್ /ಪ್ರಾಬ್ಲಮ್ ಕೊಟ್ಟರೆ ತೊಂದರೆಯಲ್ಲಿರುವ ಸಾಧನಗಳಷ್ಟೇ ಬರುತ್ತವೆ. ಒಂದರ ಹಾರ್ಡ್‌ವೇರ್ ಐಡಿ ತೆಗೆದುಕೊಳ್ಳಿ. 'ಪಿಸಿಐ\ವಿಇಎನ್_8086&ಡಿಇವಿ_9ಎ0ಬಿ' ಎಂಬ ರೂಪದಲ್ಲಿರುತ್ತದೆ. ವಿಇಎನ್ ತಯಾರಕ (8086 ಎಂದರೆ ಇಂಟೆಲ್), ಡಿಇವಿ ಚಿಪ್, ಆಮೇಲೆ ಬರುವ ಸಬ್‌ಸಿಸ್ ಲ್ಯಾಪ್‌ಟಾಪ್ ಕಂಪನಿಯ ಗುರುತು. ಈ ಐಡಿಯನ್ನು ಡ್ರೈವರ್ ಫೋಲ್ಡರಿನ ಎಲ್ಲ ಐಎನ್‌ಎಫ್‌ಗಳಲ್ಲಿ ಹುಡುಕಿ. ಸಿಗದಿದ್ದರೆ ಪ್ಯಾಕೇ ತಪ್ಪು.

ಸಿಕ್ಕರೂ ಹೊಂದದಿದ್ದರೆ ಐಎನ್‌ಎಫ್‌ನ ಮ್ಯಾನುಫ್ಯಾಕ್ಚರರ್ ವಿಭಾಗ ನೋಡಿ. ಅಲ್ಲಿ 'ಎನ್‌ಟಿಎಎಂಡಿ64.10.0...22000' ಎಂದು ಬರೆದಿರಬಹುದು. ಮೂರು ಚುಕ್ಕಿಯ ನಂತರದ ಸಂಖ್ಯೆ ಕನಿಷ್ಠ ಬಿಲ್ಡ್. 22000 ವಿಂಡೋಸ್ 11ರ ಮೊದಲ ಬಿಲ್ಡ್. ವಿಂಡೋಸ್ 10ರ 22ಎಚ್2 ಆವೃತ್ತಿಯ ಬಿಲ್ಡ್ 19045. ಹಾಗಾಗಿ ಅದರಲ್ಲಿ ಈ ವಿಭಾಗ ಇದ್ದೂ ಇಲ್ಲದಂತೆ. ಐಡಿ ಕಣ್ಣೆದುರಿಗಿದ್ದರೂ ವಿಂಡೋಸ್ ಅದನ್ನು ಓದುವುದೇ ಇಲ್ಲ. ವಿಂಡೋಸ್ 11ರ ಪ್ಯಾಕನ್ನು ಹಳೆಯ ಇಮೇಜಿಗೂ ಬಳಸುವವರು ಇದನ್ನು ಮೊದಲೇ ನೋಡಬೇಕು.

ಹೊಂದುವ ಡ್ರೈವರ್ ಎರಡಿದ್ದು ಬೇಡದ್ದು ಗೆದ್ದರೆ ಸೆಟಪ್‌ಎಪಿಐ.ಡೆವ್.ಲಾಗಿನಲ್ಲಿ ರ‍್ಯಾಂಕ್ ಸಾಲುಗಳನ್ನು ಹೋಲಿಸಿ. ಚಿಕ್ಕ ಸಂಖ್ಯೆ ಗೆಲ್ಲುತ್ತದೆ. ಸಮವಾದರೆ ಡ್ರೈವರಿನ ದಿನಾಂಕ ಲೆಕ್ಕಕ್ಕೆ ಬರುತ್ತದೆ, ದಿನಾಂಕವೂ ಸಮವಾದರೆ ಮಾತ್ರ ಆವೃತ್ತಿ. ಆವೃತ್ತಿ ಸಂಖ್ಯೆ ದೊಡ್ಡದಿದ್ದೂ ಡ್ರೈವರ್ ಸೋಲುವುದು ಈ ಕಾರಣಕ್ಕೆ. ಇಂಟೆಲ್ ತನ್ನ ಚಿಪ್‌ಸೆಟ್ ಐಎನ್‌ಎಫ್‌ಗಳಿಗೆ ಬೇಕೆಂದೇ 1968ರ ಜುಲೈ 18ರ ದಿನಾಂಕ ಹಾಕುವುದೂ ಇದಕ್ಕೇ, ಬೇರೆಯವರ ಡ್ರೈವರನ್ನು ಅದು ಪಕ್ಕಕ್ಕೆ ತಳ್ಳಬಾರದು ಎಂದು. ಅದು ಕಂಪನಿ ಹುಟ್ಟಿದ ದಿನ. ಆ ತಾರೀಕು ಕಂಡು ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಕೊನೆಯ ಬಾಗಿಲು

ಕೋಡ್ 10, 39, 43 ಬಂದರೆ ಡ್ರೈವರ್ ಸಾಧನದವರೆಗೆ ಬಂದಿದೆ, ಆದರೆ ಸ್ಟಾರ್ಟ್ ಆಗಿಲ್ಲ, ಲೋಡ್ ಆಗಿಲ್ಲ ಅಥವಾ ಸಾಧನವೇ ತೊಂದರೆ ಹೇಳಿ ನಿಂತಿದೆ. ಡಿಪ್ಲಾಯ್‌ಮೆಂಟ್ ಕಡೆಯ ತಪ್ಪು ಇಲ್ಲಿ ಕಡಿಮೆ. ಬಯೋಸ್ ಆವೃತ್ತಿ ನೋಡಿ, ಇನ್ನೊಂದು ಡ್ರೈವರ್ ಆವೃತ್ತಿ ಹಾಕಿ ನೋಡಿ, ಅದೇ ಮಾಡೆಲ್ಲಿನ ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ಇಮೇಜನ್ನು ನಿಜವಾದ ಲ್ಯಾಪ್‌ಟಾಪಿನ ಮೇಲೆ ಕಟ್ಟಿ, ಅದನ್ನು ಬೇರೆ ಕಂಪ್ಯೂಟರುಗಳಿಗೆ ಸಿದ್ಧಮಾಡುವ ಸಿಸ್‌ಪ್ರೆಪ್‌ನ ಉತ್ತರ ಫೈಲಿನಲ್ಲಿ ಪರ್ಸಿಸ್ಟ್‌ಆಲ್‌ಡಿವೈಸ್‌ಇನ್‌ಸ್ಟಾಲ್ಸ್ ಅನ್ನು ಟ್ರೂ ಮಾಡಿದ್ದರೆ ಮಾತ್ರ ಹಳೆಯ ಲ್ಯಾಪ್‌ಟಾಪಿನ ಸಾಧನಗಳು ಹೊಸದಕ್ಕೂ ಹಿಂಬಾಲಿಸಿ ಬರುತ್ತವೆ. ಇಮೇಜ್ ಕಟ್ಟುವುದು ವರ್ಚುವಲ್ ಮಷೀನಿನಲ್ಲೇ ಇರಲಿ.

ಡ್ರೈವರ್ ಕೂತು ಅದರ ಕಂಟ್ರೋಲ್ ಆ್ಯಪ್ ಇಲ್ಲವೆಂಬ ದೂರು ಬಂದರೆ ಅದು ಡ್ರೈವರ್ ದೋಷವಲ್ಲ. ಡಿಸಿಎಚ್‌ನಲ್ಲಿ ಆ ಆ್ಯಪ್ ಮೈಕ್ರೋಸಾಫ್ಟ್ ಸ್ಟೋರಿನಿಂದ ಬರುತ್ತದೆ. ನೀವು ಸ್ಟೋರ್ ಮುಚ್ಚಿದ್ದರೆ ಅದೂ ಬರುವುದಿಲ್ಲ.

ಕೈಯಿಂದ ಸರಿಪಡಿಸಿ ನೋಡಲು ಪಿಎನ್‌ಪಿಯುಟಿಲ್ /ಆ್ಯಡ್-ಡ್ರೈವರ್ ಸಿ:\ಡ್ರೈವರ್ಸ್\*.ಐಎನ್‌ಎಫ್ /ಸಬ್‌ಡಿರ್ಸ್ /ಇನ್‌ಸ್ಟಾಲ್ ಸಾಕು. ಇದೇ ಸಾಲನ್ನು ಟಾಸ್ಕ್ ಸೀಕ್ವೆನ್ಸಿನಲ್ಲಿ ಇಡುವುದಾದರೆ ಯಶಸ್ಸಿನ ಕೋಡುಗಳ ಪಟ್ಟಿಗೆ 0 ಜೊತೆ 259 ಮತ್ತು 3010 ಸೇರಿಸಿ. 259 ಎಂದರೆ ಹೊಂದುವ ಸಾಧನವಿಲ್ಲ ಅಥವಾ ಇರುವುದೇ ಉತ್ತಮ ಡ್ರೈವರ್. 3010 ಎಂದರೆ ರೀಬೂಟ್ ಬೇಕು. ಸೇರಿಸದಿದ್ದರೆ ಎಲ್ಲ ಸರಿಯಾಗಿಯೂ ಸೀಕ್ವೆನ್ಸ್ ಕೆಂಪಾಗಿ ನಿಲ್ಲುತ್ತದೆ.

ಒಂದೇ ಮಾಡೆಲ್ಲಿನ 20 ಲ್ಯಾಪ್‌ಟಾಪುಗಳಲ್ಲಿ ಎರಡಕ್ಕೆ ಮಾತ್ರ ವೈಫೈ ಇಲ್ಲದಿದ್ದರೆ ಟಾಸ್ಕ್ ಸೀಕ್ವೆನ್ಸನ್ನು ಮುಟ್ಟಬೇಡಿ. ಆ ಎರಡರ ವೈಫೈ ಕಾರ್ಡಿನ ಹಾರ್ಡ್‌ವೇರ್ ಐಡಿ ತೆಗೆದು ಉಳಿದವುಗಳ ಪಕ್ಕ ಇಟ್ಟು ನೋಡಿ. ಒಂದೇ ಮಾಡೆಲ್ ಹೆಸರಿನಡಿ ಕೆಲವಕ್ಕೆ ಇಂಟೆಲ್ ಕಾರ್ಡ್, ಕೆಲವಕ್ಕೆ ರಿಯಲ್‌ಟೆಕ್ ಅಥವಾ ಮೀಡಿಯಾಟೆಕ್ ಕಾರ್ಡ್ ಹಾಕಿ ಕಳಿಸುವುದು ಮಾಮೂಲು. ವಿಇಎನ್ 8086ರ ಬದಲು 10ಇಸಿ ಅಥವಾ 14ಸಿ3 ಕಂಡರೆ ಆ ಒಂದು ಡ್ರೈವರನ್ನು ಅದೇ ಮಾಡೆಲ್ ಫೋಲ್ಡರಿಗೆ ಸೇರಿಸಿ, ಆ ಎರಡಕ್ಕೆ ಮಾತ್ರ ಪಿಎನ್‌ಪಿಯುಟಿಲ್ ಓಡಿಸಿ.